ಹಕ್ಕಿ ಲೆಕ್ಕದ ಮಹಾಶಯರು

ಕರ್ನಾಟಕದ ನಗರಗಳಲ್ಲಿ ಕಳೆದ ಕೆಲವು ದಶಕಗಳಿಂದ ಬೆಳೆದು ಬಂದಿರುವ ಹವ್ಯಾಸಿ ವರ್ಗಗಳ ಪೈಕಿ, ಸಂಬಳವಿಲ್ಲದೆ, ಭತ್ಯೆಯಿಲ್ಲದೆ, ಸ್ವಂತ ಪೆಟ್ರೋಲು ಸುಟ್ಟುಕೊಂಡು ಹೋಗಿ, ಕಾಡುಹಕ್ಕಿಗಳು ಗೂಡು ಕಟ್ಟಿ ಮರಿಮಾಡುವ ತಾಣಗಳಲ್ಲಿ ಕತ್ತೆತ್ತಿ ನಿಂತು, ಅವುಗಳ ತಲೆ ಎಣಿಸಿ ಬರುವ ಮಹಾಶಯರ ವರ್ಗವು ಸಂಖ್ಯೆಯಲ್ಲಿ ಚಿಕ್ಕದಾದರೂ ಲಕ್ಷಣಗಳಲ್ಲಿ ಬಹು ಸ್ಪಷ್ಟವಾದುದು. ಇವರನ್ನು ಸಾಮಾನ್ಯ ಪಕ್ಷಿವೀಕ್ಷಕರೊಂದಿಗೆ ಬೆರೆಸಬಾರದು. ಪಕ್ಷಿವೀಕ್ಷಕರು ಹಕ್ಕಿಯನ್ನು ಕಂಡ ಕೂಡಲೇ ಸಂತೋಷಪಡುತ್ತಾರೆ. ಹಕ್ಕಿ ಲೆಕ್ಕದ ಮಹಾಶಯರು ಅವು ಎಷ್ಟಿವೆ ಎಂಬುದು ಖಚಿತವಾಗುವವರೆಗೆ ಸಂತೋಷವನ್ನು ತಡೆಹಿಡಿಯುತ್ತಾರೆ. ಛಾಯಾಗ್ರಾಹಕರೊಂದಿಗಂತೂ ಇವರನ್ನು ಸೇರಿಸಲೇಬಾರದು, ಏಕೆಂದರೆ ಒಂದೇ ಹಕ್ಕಿಯ ಮುನ್ನೂರು ಚಿತ್ರ ತೆಗೆಯುವವರನ್ನು ಕಂಡರೆ ಮುನ್ನೂರು ಹಕ್ಕಿಯನ್ನು ಒಂದೇ ಅಂಕಿಯಲ್ಲಿ ಬರೆಯುವ ಇವರಿಗೆ ಅಷ್ಟೇನೂ ಗೌರವವಿಲ್ಲ. ಈ ಕೆಲಸವನ್ನು ಮಹಿಳೆಯರೂ ಸಾಕಷ್ಟು ಸಂಖ್ಯೆಯಲ್ಲಿ ಮಾಡುತ್ತಾರೆ. ಆದರೆ ಅವರು ಹೋಗಿ, ಎಣಿಸಿ, ಬರೆದುಕೊಟ್ಟು, ಮನೆಗೆ ಮರಳುವುದರಿಂದ ಹಾಸ್ಯಪ್ರಬಂಧಕ್ಕೆ ವಸ್ತುವಾಗುವುದಿಲ್ಲ.

ಹಕ್ಕಿಗಳ ಗಣತಿಯಲ್ಲಿ ಎರಡು ಬಗೆಗಳುಂಟು. ಮೊದಲನೆಯದು ಪ್ರತಿ ಜನವರಿಯಲ್ಲಿ ಕೆರೆಕುಂಟೆಗಳ ದಡದಲ್ಲಿ ನಡೆಯುವ ನೀರುಹಕ್ಕಿಗಳ ಗಣತಿ. 1987ರಲ್ಲಿ ಭಾರತ ಉಪಖಂಡದಲ್ಲಿ ಆರಂಭವಾದ ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್ ಈ ಬಗೆಗೆ ಸೇರಿದುದು. ಅಲ್ಲಿ ಎಣಿಕೆಗೆ ಸಿಗುವ ಹಕ್ಕಿಗಳಲ್ಲಿ ಚಳಿಗಾಲ ಕಳೆಯಲು ಬಂದ ಬಾತುಗಳೂ ಗೊರವಗಳೂ ಹೆಚ್ಚಾಗಿದ್ದು, ಎಣಿಕೆ ಅರ್ಧಕ್ಕೆ ಬಂದಾಗ ಒಂದು ಹದ್ದು ಮೇಲೆ ಸುಳಿದರೆ ಸಾಕು, ಇಡೀ ಲೆಕ್ಕವೇ ಹಾರಿಹೋಗಿ ಪಕ್ಕದ ಕೆರೆಯವರ ಪಾಲಾಗುತ್ತದೆ. ಎರಡನೆಯದು ಗೂಡುಗಣತಿ, ಎಂದರೆ ಹಕ್ಕಿಗಳು ಗುಂಪಾಗಿ ಮರಿಮಾಡುವ ಮರಗಳಿಗೇ ಹೋಗಿ ಒಕ್ಕಲಿರುವ ಗೂಡುಗಳನ್ನು ಎಣಿಸುವ ಕ್ರಮ. ಗೂಡು ಹಾರುವುದಿಲ್ಲ, ಒಂದು ಗೂಡೆಂದರೆ ಒಂದು ಜೋಡಿಯೆಂದು ಹಿಡಿಯಬಹುದು, ವರ್ಷವಿಡೀ ಹತ್ತಾರು ಕೆರೆಗಳಲ್ಲಿ ಚದುರಿಹೋಗುವ ಹಕ್ಕಿಗಳು ಆ ಕೆಲವು ತಿಂಗಳು ಮಾತ್ರ ಒಂದೆಡೆ ಕೂತು ಲೆಕ್ಕ ಕೊಡುತ್ತವೆ. ಆದ್ದರಿಂದ ವಿಜ್ಞಾನದ ದೃಷ್ಟಿಯಿಂದ ಇದು ಹೆಚ್ಚು ನಂಬಲರ್ಹವಾದ ಎಣಿಕೆ. ಮಹಾಶಯರ ದೃಷ್ಟಿಯಿಂದ ಇದಕ್ಕೆ ಇನ್ನೊಂದು ಗುಣವಿದೆ: ಜನವರಿಯ ಗಣತಿಗೆ ಯಾರು ಬೇಕಾದರೂ ಬರುತ್ತಾರೆ, ಗೂಡುಗಣತಿಗೆ ಆಯ್ದವರು ಮಾತ್ರ ಬರುತ್ತಾರೆಂಬ ಒಂದು ಮೇಲ್ವರ್ಗದ ಭಾವನೆಯನ್ನು ಅದು ಒದಗಿಸುತ್ತದೆ.

ಈ ವರ್ಗವನ್ನು ಅದರ ಸಹಜ ನೆಲೆಯಲ್ಲಿ ನೋಡಬೇಕಾದರೆ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗಿಂತ ಒಳ್ಳೆಯ ಸ್ಥಳ ಇನ್ನೊಂದಿಲ್ಲ. ಶಿಂಷಾ ನದಿಗೆ ಸಮೀಪದ ಈ ಊರಿನಲ್ಲಿ ಹಕ್ಕಿಗಳು ದ್ವೀಪದಲ್ಲಾಗಲಿ ಕಾಡಿನಲ್ಲಾಗಲಿ ಗೂಡು ಕಟ್ಟದೆ, ಮನೆಗಳ ನಡುವಿನ ಹುಣಸೆ, ಆಲ, ಅರಳಿ ಮರಗಳ ಮೇಲೆಯೇ ಸಂಸಾರ ಹೂಡುತ್ತವೆ. ಮುಖ್ಯವಾಗಿ ಇಲ್ಲಿಗೆ ಬರುವವು ಎರಡು: ಒಂದು, ಹಳದಿ ಕೊಕ್ಕು ಮತ್ತು ಬಾಲದ ಕಡೆಗೆ ಗುಲಾಬಿ ಗರಿಗಳುಳ್ಳ ಬಣ್ಣದ ಕೊಕ್ಕರೆ, ಇನ್ನೊಂದು, ಕೊಕ್ಕಿನ ಕೆಳಗೆ ಮೀನಿನ ಚೀಲವನ್ನೇ ಹೊತ್ತ ಹೆಜ್ಜಾರ್ಲೆ. ಚಳಿಗಾಲದಲ್ಲಿ ಬಂದು ಗೂಡು ಕಟ್ಟುವ ಇವು ಬೇಸಿಗೆ ಮುಗಿಯುವ ಹೊತ್ತಿಗೆ ಮರಿಗಳನ್ನು ಹಾರಿಸಿಕೊಂಡು ಹೊರಡುತ್ತವೆ. ಊರಿನವರು ಇವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುವುದು ಬಹುಕಾಲದ ರೂಢಿ. ಹಕ್ಕಿಗಳ ಹಿಕ್ಕೆಯನ್ನು ಮರದಡಿಯಲ್ಲಿ ಸೇರಿಸಿ ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಿದ್ದುದರಿಂದ ಈ ಬಾಂಧವ್ಯಕ್ಕೆ ಒಂದಿಷ್ಟು ಆರ್ಥಿಕ ಆಧಾರವೂ ಇತ್ತೆನ್ನಬೇಕು. ಮರಿಗಳಿರುವ ಕಾಲವೂ ಹುಣಸೆಹಣ್ಣು ಬಡಿಯುವ ಕಾಲವೂ ಒಂದೇ ಆದುದರಿಂದ ಮರದ ಒಡೆಯರಿಗೆ ಫಸಲು ನಷ್ಟವಾಗುತ್ತದೆ. ಅದಕ್ಕಾಗಿ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂದಿದೆ. 2007ರಲ್ಲಿ ಈ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಖಾಸಗಿ ಅಥವಾ ಊರೊಟ್ಟಿನ ನೆಲದಲ್ಲಿ ಜನರೇ ಮುಂದೆ ನಿಂತು ವನ್ಯಜೀವಿಗಳನ್ನು ಕಾಯುವುದಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಇರುವ ಹೆಸರು ಅದು.

ಇಂಥ ಊರಿಗೆ ಮಹಾಶಯರ ಆಗಮನವು ಬೆಳಗಿನ ಜಾವವೇ ಆಗಬೇಕೆಂಬುದು ಶಾಸ್ತ್ರ. ಬೆಂಗಳೂರಿನಿಂದ ಸುಮಾರು ಎಂಬತ್ತು ಕಿಲೋಮೀಟರು ದೂರ. ನಾಲ್ಕೂವರೆಗೆ ಹೊರಟರೆ ಆರಕ್ಕೆ ಮರದ ಬುಡದಲ್ಲಿರಬಹುದು. ಆದರೆ ಶಾಸ್ತ್ರದಲ್ಲಿ ಮದ್ದೂರು ವಡೆಯ ಪ್ರಸ್ತಾಪವಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿ ಅಗಲವಾಗಿ, ಊರುಗಳನ್ನೆಲ್ಲ ಬದಿಗೆ ಸರಿಸಿ ಓಡತೊಡಗಿದ ಮೇಲೂ, ರುದ್ರಾಕ್ಷಿಪುರದ ಬಳಿ ಎಡಕ್ಕೆ ತಿರುಗಬೇಕಾದ ಕಾರು ತಿರುಗದೆ ನೇರ ಮದ್ದೂರಿಗೆ ಹೋಗಿ, ವಡೆ ಮತ್ತು ಕಾಫಿಯ ವಿಷಯವನ್ನು ಇತ್ಯರ್ಥಪಡಿಸಿಕೊಂಡು, ಬಂದ ದಾರಿಯಲ್ಲೇ ಹಿಂದಿರುಗುವುದು ಅಪರೂಪವಲ್ಲ. ಹೀಗಾಗಿ ನಮೂನೆಯ ಹಾಳೆಯಲ್ಲಿ ಆರಂಭದ ಸಮಯ ಎಂಬ ಅಂಕಣದ ಮುಂದೆ 6.00 ಎಂದು ಮೊದಲೇ ಬರೆದುಕೊಂಡು ಬಂದದ್ದನ್ನು 7.40 ಎಂದು ತಿದ್ದಬೇಕಾಗುತ್ತದೆ. ಮಹಾಶಯರ ಆ ದಿನದ ಮೊದಲ ಪ್ರಾಮಾಣಿಕ ಅಂಕಿ ಅದೇ.

ವೇಷಭೂಷಣದ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳತಕ್ಕದ್ದು. ಹಸಿರು, ಕಂದು, ಬೂದಿ ಬಣ್ಣಗಳು ಕಲೆಸಿಹೋದ ಅಂಗಿ, ಅದಕ್ಕೆ ಒಪ್ಪುವ ಹಲವು ಜೇಬಿನ ಪ್ಯಾಂಟು, ಅಗಲ ಅಂಚಿನ ಟೋಪಿ, ಜಿಗಣೆ ಹತ್ತದ ಕಾಲುಚೀಲ, ಇವೆಲ್ಲ ಕಾಡಿನಲ್ಲಿ ಮರೆಯಾಗಲೆಂದು ಕಲ್ಪಿತವಾದ ಉಡುಪುಗಳು. ಕೊಕ್ಕರೆ ಬೆಳ್ಳೂರಿನ ಬೀದಿಯಲ್ಲಿ ಕಾಡೂ ಇಲ್ಲ, ಜಿಗಣೆಯೂ ಇಲ್ಲ. ಅಲ್ಲಿನ ಹಕ್ಕಿಗಳು ಕೆಂಪು ಸೀರೆಯ ಹೆಂಗಸರನ್ನೂ, ನೀಲಿ ಲುಂಗಿಯ ಗಂಡಸರನ್ನೂ, ಹಾರನ್ನು ಒತ್ತುತ್ತ ಬರುವ ಬಸ್ಸನ್ನೂ, ಮದುವೆಯ ಮೈಕಾಸುರನನ್ನೂ ದಿನವೂ ನೋಡಿ ಕೇಳಿ ಅಭ್ಯಾಸವಾದವು. ಅವುಗಳಲ್ಲಿ ಒಂದಿಷ್ಟು ಕತ್ತು ಚಾಚಿ ಅನುಮಾನದಿಂದ ನೋಡುವುದೇನಾದರೂ ಇದ್ದರೆ ಅದು, ಯಾರಿಗೂ ಕಾಣಿಸಬಾರದೆಂದು ಉಡುಪು ಧರಿಸಿ, ಮೂರು ಕಾಲಿನ ಸ್ಟ್ಯಾಂಡನ್ನು ಹೆಗಲ ಮೇಲೆ ಹೊತ್ತು, ಬೀದಿಯ ನಟ್ಟನಡುವೆ ಬಗ್ಗಿ ಬಗ್ಗಿ ನಡೆದು ಬರುವ ಈ ಒಬ್ಬ ವ್ಯಕ್ತಿಯನ್ನು.

ಉಪಕರಣಗಳಲ್ಲಿ ಮುಖ್ಯವಾದುದು ದುರ್ಬೀನು. ಅದರ ಮೇಲೆ ಎಂಟು ಇಂಟು ನಲವತ್ತೆರಡು ಎಂದು ಬರೆದಿದ್ದರೆ, ವಸ್ತುವನ್ನು ಎಂಟು ಪಟ್ಟು ಹತ್ತಿರಕ್ಕೆ ತರುತ್ತದೆಂದೂ, ಮುಂಭಾಗದ ಗಾಜಿನ ಅಗಲ ನಲವತ್ತೆರಡು ಮಿಲಿಮೀಟರೆಂದೂ ಅರ್ಥ. ಹತ್ತು ಪಟ್ಟಿನ ದುರ್ಬೀನು ಇನ್ನೂ ಹತ್ತಿರಕ್ಕೆ ತಂದರೂ ಕೈಯ ನಡುಕವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ಎಂಟು ಮೇಲೋ ಹತ್ತು ಮೇಲೋ ಎಂಬ ಚರ್ಚೆ ಈ ವರ್ಗದಲ್ಲಿ ಬಹಳ ಹಳೆಯದು; ಇಬ್ಬರು ಮಹಾಶಯರು ಸೇರಿದಲ್ಲಿ ಅದು ಏಳದೆ ಇರುವುದಿಲ್ಲ, ಎದ್ದರೆ ಮುಗಿಯುವುದಿಲ್ಲ, ಮತ್ತು ಅದು ನಡೆಯುತ್ತಿರುವಷ್ಟು ಹೊತ್ತು ಯಾರೂ ದುರ್ಬೀನಿನಲ್ಲಿ ಕಣ್ಣಿಡುವುದಿಲ್ಲ. ಎರಡನೆಯ ಉಪಕರಣ ಟ್ಯಾಲಿ ಕೌಂಟರು, ಎಂದರೆ ಹೆಬ್ಬೆರಳಿನಿಂದ ಒಮ್ಮೆ ಒತ್ತಿದರೆ ಒಂದು ಅಂಕಿ ಮುಂದೆ ಹೋಗುವ ಅಂಗೈಯಗಲದ ಲೋಹದ ಯಂತ್ರ. ಎಷ್ಟು ಒತ್ತಿದೆನೆಂಬುದನ್ನು ಅದು ತಪ್ಪದೆ ಹೇಳುತ್ತದೆ. ಗೂಡನ್ನು ನೋಡಿ ಒತ್ತಿದ್ದೋ, ಮಾತಿನ ಭರದಲ್ಲಿ ಒತ್ತಿದ್ದೋ ಎಂಬುದನ್ನು ಹೇಳುವುದಿಲ್ಲ.

ಎಣಿಕೆಯನ್ನು ಹತ್ತಿರದಿಂದ ನೋಡಿದರೆ ಅದರ ಕಷ್ಟ ತಿಳಿಯುತ್ತದೆ. ಒಂದು ಹಳೆಯ ಹುಣಸೆಮರ; ಅದರ ತುದಿಯಲ್ಲಿ, ಕವಲುಗಳಲ್ಲಿ, ಪಕ್ಕದ ಮನೆಯ ಹೆಂಚಿನ ಮೇಲಕ್ಕೆ ಬಾಗಿದ ಕೊಂಬೆಗಳಲ್ಲಿ ಕಡ್ಡಿಯ ಗೂಡುಗಳು; ಹಿಕ್ಕೆ ಬಿದ್ದು ಎಲೆಯೆಲ್ಲ ಸುಣ್ಣ ಬಳಿದಷ್ಟು ಬಿಳುಪು. ಬೆಳೆದ ಕೊಕ್ಕರೆಗೆ ಕೂಗುವ ಗಂಟಲು ಇಲ್ಲವೆನ್ನುವಷ್ಟು ಕಡಿಮೆ; ಅದು ಕೊಕ್ಕಿನ ಎರಡು ಭಾಗಗಳನ್ನು ಪಟಪಟನೆ ಬಡಿದು ಮಾತಾಡುತ್ತದೆ. ಆ ಕೊರತೆಯನ್ನು ಮರಿಗಳು ಇಡೀ ದಿನ ಅರಚಿ ತುಂಬಿಸಿಕೊಡುತ್ತವೆ. ಬಿಸಿಲೇರಿದಂತೆ ತಾಯಿಯೋ ತಂದೆಯೋ ಗೂಡಿನ ಅಂಚಿನಲ್ಲಿ ನಿಂತು ರೆಕ್ಕೆಗಳನ್ನು ಅರ್ಧ ಬಿಚ್ಚಿ ಮರಿಗಳಿಗೆ ನೆರಳು ಹಿಡಿಯುತ್ತದೆ. ಆ ರೆಕ್ಕೆಯ ಹಿಂದೆ ಪಕ್ಕದ ಗೂಡು ಪೂರ್ತಿಯಾಗಿ ಮರೆಯಾಗುತ್ತದೆ. ಬೆಳಗ್ಗೆ ಎಣಿಸಬೇಕೆನ್ನುವ ಶಾಸ್ತ್ರಕ್ಕೆ ಇದೂ ಒಂದು ಕಾರಣವೆಂಬುದು, ವಡೆ ತಿಂದು ಬಂದವರಿಗೆ ಹತ್ತು ಗಂಟೆಯ ಸುಮಾರಿಗೆ ಹೊಳೆಯುತ್ತದೆ. ಏಪ್ರಿಲ್ ಬಂತೆಂದರೆ ದೊಡ್ಡ ಮರಿಗಳು ಗೂಡಿನಿಂದ ಎದ್ದು ಕೊಂಬೆಯ ಮೇಲೆ ಅಡ್ಡಾಡತೊಡಗುತ್ತವೆ, ಯಾರ ಮನೆಯ ಮಗು ಯಾರ ಜಗಲಿಯಲ್ಲಿದೆಯೆಂದು ತಿಳಿಯುವುದಿಲ್ಲ.

ಒಳ್ಳೆಯ ಗಣತಿಯಲ್ಲಿ ಒಂದೇ ಮರವನ್ನು ಇಬ್ಬರು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಎಣಿಸಿ, ಆಮೇಲೆ ತಾಳೆ ನೋಡುವ ಕ್ರಮವಿದೆ. ಕಣ್ಣಿಗೆ ತಪ್ಪುವ ಗೂಡುಗಳ ಪ್ರಮಾಣವನ್ನು ಅಂದಾಜು ಮಾಡಲು ಇದು ಉಪಯುಕ್ತ. ಆದರೆ ಈ ಕ್ರಮವನ್ನು ಕಂಡುಹಿಡಿದವರು ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರನ್ನೂ ಸಾಫ್ಟ್‌ವೇರ್ ತರುಣನೊಬ್ಬನನ್ನೂ ಒಂದೇ ಹುಣಸೆಮರದಡಿ ನಿಲ್ಲಿಸಿ ನೋಡಿರಲಾರರು. ಹಿರಿಯರ ಲೆಕ್ಕದಲ್ಲಿ 37, ಕಿರಿಯನ ಲೆಕ್ಕದಲ್ಲಿ 41 ಎಂದಾದರೆ, ವಿಜ್ಞಾನವು ಎರಡನ್ನೂ ಹಾಗೆಯೇ ಬರೆದುಕೊಳ್ಳಿ ಎನ್ನುತ್ತದೆ. ಮೂವತ್ತು ವರ್ಷ ಸಂಜೆಯ ಲೆಕ್ಕ ಪೈಸೆಗೆ ಪೈಸೆ ಹೊಂದದೆ ಕುರ್ಚಿ ಬಿಟ್ಟು ಏಳದವರಿಗೆ ಇದು ಸಾಧ್ಯವಾಗುವ ಮಾತಲ್ಲ. ಅವರು ನಾಲ್ಕು ಗೂಡುಗಳ ವ್ಯತ್ಯಾಸವನ್ನು ಕೊಂಬೆಯಿಂದ ಕೊಂಬೆಗೆ ಹುಡುಕತೊಡಗುತ್ತಾರೆ. ಆಗ ಒಕ್ಕಲಿರುವ ಗೂಡು ಎಂದರೇನೆಂಬ ಮೂಲಭೂತ ಪ್ರಶ್ನೆ ಏಳುತ್ತದೆ. ಕೈಪಿಡಿಗಳ ಪ್ರಕಾರ ಹಕ್ಕಿ ಕಾವು ಕೂತಿದ್ದರೆ, ಮರಿ ಕಂಡರೆ, ಅಥವಾ ಜೋಡಿಯೊಂದು ಕಟ್ಟಿ ಮುಗಿದ ಗೂಡನ್ನು ಕಾಯುತ್ತಿರುವಂತೆ ತೋರಿದರೆ ಅದು ಮೇಲ್ನೋಟಕ್ಕೆ ಒಕ್ಕಲಿರುವ ಗೂಡು. ಹೆಜ್ಜಾರ್ಲೆಯೊಂದು ಗೂಡಿನ ಮೇಲೆ ಕೂರದೆ, ಪಕ್ಕದಲ್ಲಿ ಸುಮ್ಮನೆ ನಿಂತಿದ್ದರೆ? ಅದು ಕಾಯುತ್ತಿದೆ ಎನ್ನುತ್ತಾನೆ ತರುಣ. ಕಾಯುತ್ತಿಲ್ಲ, ಬೇರೆಯವರ ಮನೆಯೆದುರು ನಿಂತಿದೆ ಎನ್ನುತ್ತಾರೆ ಹಿರಿಯರು. ಮುಕ್ಕಾಲು ಗಂಟೆಯ ವಾದದ ಕೊನೆಗೆ ಎರಡರ ಸರಾಸರಿಯಾಗಿ 39 ಎಂದು ಬರೆಯುವ ಒಪ್ಪಂದವಾಗುತ್ತದೆ. ಅದು ಇಬ್ಬರಲ್ಲಿ ಒಬ್ಬರೂ ಎಣಿಸದ ಸಂಖ್ಯೆಯಾದ್ದರಿಂದ ಇಬ್ಬರ ಗೌರವವೂ ಉಳಿಯುತ್ತದೆ. ಅಷ್ಟರಲ್ಲಿ ಹೆಜ್ಜಾರ್ಲೆ ಗೂಡಿನ ಮೇಲೆ ಕೂತಿರುತ್ತದೆ.

ಈ ಚರ್ಚೆಗೆ ಮರದ ಒಡೆಯರು ಸೇರಿಕೊಂಡರೆ ವಿಷಯ ಮತ್ತಷ್ಟು ಗಹನವಾಗುತ್ತದೆ. ಕೈಯಲ್ಲಿ ಹಲಗೆ, ಹಲಗೆಗೆ ಕ್ಲಿಪ್ಪು, ಕ್ಲಿಪ್ಪಿಗೆ ಕಾಗದ ಇಟ್ಟುಕೊಂಡು ಬಂದವರನ್ನು ಹಳ್ಳಿಯ ಜನ ಸರ್ಕಾರದ ಕಡೆಯವರೆಂದು ಭಾವಿಸುವುದು ಸಹಜ. ಮರಕ್ಕೆ ಪರಿಹಾರ ಸಿಗುವ ಊರಿನಲ್ಲಿ ಆ ಭಾವನೆಗೆ ಇನ್ನಷ್ಟು ಬಲವಿದೆ. ‘ಸಾ, ಆ ಕಡೆ ಕೊಂಬೆ ಬಿಟ್ಬುಟ್ರಲ್ಲ, ಅಲ್ಲೂ ಐದವೆ, ಬರ್ಕಳಿ’ ಎಂದು ಒಡೆಯರು ಹೇಳಿದರೆ, ಮಹಾಶಯರು ತಾವು ಸ್ವಯಂಸೇವಕರೆಂದೂ, ಪರಿಹಾರಕ್ಕೂ ತಮಗೂ ಸಂಬಂಧವಿಲ್ಲವೆಂದೂ, ತಮಗೆ ಯಾರೂ ಒಂದು ಪೈಸೆ ಕೊಡುವುದಿಲ್ಲವೆಂದೂ ವಿವರಿಸುತ್ತಾರೆ. ಮೊದಲ ಎರಡು ಮಾತನ್ನು ಒಡೆಯರು ಅರ್ಧಂಬರ್ಧ ನಂಬುತ್ತಾರೆ. ಮೂರನೆಯದನ್ನು ಯಾರೂ ನಂಬಿದ ದಾಖಲೆಯಿಲ್ಲ. ಆಮೇಲೆ ದುರ್ಬೀನನ್ನು ಆ ಕೊಂಬೆಗೆ ತಿರುಗಿಸಿ ನೋಡಿದರೆ ಅಲ್ಲಿ ನಿಜವಾಗಿಯೂ ಐದು ಗೂಡುಗಳಿರುತ್ತವೆ. ದಿನವೂ ಆ ಮರದಡಿಯಲ್ಲಿ ದನ ಕಟ್ಟುವವರಿಗೆ ತಿಳಿದಿರುವುದು, ವರ್ಷಕ್ಕೊಮ್ಮೆ ಬರುವವರಿಗೆ ತಿಳಿಯದೆ ಹೋಗುವುದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವೆಂದರೆ, ಒಡೆಯರನ್ನು ಮೊದಲೇ ಕೇಳಬೇಕೆಂಬ ಸಲಹೆ ನಮೂನೆಯ ಯಾವ ಅಂಕಣದಲ್ಲಿಯೂ ಇಲ್ಲದಿರುವುದು. ಈ ಊರಿನ ಯುವಕರೇ ಹೆಜ್ಜಾರ್ಲೆ ಬಳಗವೆಂಬ ಹೆಸರಿನಲ್ಲಿ ಸೇರಿ, ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಸಾಕಿದವರು. ಅವರಿಗೆ ಮರಗಳ ಜಾತಕವೇ ಗೊತ್ತು.

ಜಗಲಿಯ ಮೇಲೆ ಕೂತ ಅಜ್ಜಿಯರ ಆಕ್ಷೇಪ ಬೇರೆ ಬಗೆಯದು. ‘ಬಾಣಂತನಕ್ಕೆ ಬಂದಿರೋ ಹೆಣ್ಮಕ್ಳ ಮಕ್ಕಳ್ನ ಹಿಂಗೆ ಎಣಿಸ್ತಾರೇನಪ್ಪ, ದೃಷ್ಟಿ ಆಗಕಿಲ್ವಾ?’ ಎಂಬ ಪ್ರಶ್ನೆಗೆ ಕೈಪಿಡಿಯಲ್ಲಿ ಉತ್ತರವಿಲ್ಲ. ಹಾಗೆ ನೋಡಿದರೆ ಆ ಮಾತಿನಲ್ಲಿ ಪಕ್ಷಿಶಾಸ್ತ್ರಕ್ಕೆ ಒಪ್ಪುವ ಅಂಶವೂ ಇದೆ. ಗೂಡಿನ ಸಮೀಪಕ್ಕೆ ಹೋಗಿ ಹಕ್ಕಿಯನ್ನು ಬೆದರಿಸಿ ಎಬ್ಬಿಸಿದರೆ, ಆ ಕೆಲವು ನಿಮಿಷಗಳಲ್ಲಿ ಕಾಗೆ, ಗರುಡಗಳು ಮೊಟ್ಟೆಯನ್ನೋ ಎಳೆಮರಿಯನ್ನೋ ಎತ್ತಿಕೊಂಡು ಹೋಗಬಹುದು. ನೆರಳಿಲ್ಲದ ಮರಿ ಬಿಸಿಲಿಗೆ ಬಾಡಬಹುದು. ಎಣಿಸುವವರಿಂದಲೇ ಎಣಿಕೆ ಕಡಿಮೆಯಾಗುವ ಈ ಅಪಾಯಕ್ಕೆ ಅಜ್ಜಿ ದೃಷ್ಟಿಯೆನ್ನುತ್ತಾರೆ, ಕೈಪಿಡಿ ತೊಂದರೆಯೆನ್ನುತ್ತದೆ. ದೂರ ನಿಲ್ಲಬೇಕೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಬೇರೆ ತಾಣಗಳಲ್ಲಿ ಮಹಾಶಯರ ವರ್ತನೆ ಅಲ್ಪಸ್ವಲ್ಪ ವ್ಯತ್ಯಾಸವಾಗುತ್ತದೆ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು, ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟೆ ಕಟ್ಟಿದ್ದರಿಂದ ಉಂಟಾದ ನಡುಗಡ್ಡೆಗಳ ಗುಂಪು. ಸಲೀಂ ಅಲಿಯವರು ಮೈಸೂರು ಅರಸರಿಗೆ ಸಲಹೆ ಮಾಡಿದ್ದರಿಂದ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸಾರ್ ತಾಣಗಳ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ಪಟ್ಟಿಗೆ ಸೇರಿತು. ಅಲ್ಲಿ ಎಣಿಕೆ ದೋಣಿಯಿಂದ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ಕಂಡಾಗಲೆಲ್ಲ ಟ್ಯಾಲಿ ಕೌಂಟರು ತಾನಾಗಿಯೇ ಎರಡು ಮೂರು ಅಂಕಿ ಮುಂದೆ ಹೋಗುವುದರಿಂದ ಆ ದ್ವೀಪದ ಬಾಯ್ಕಳಕಗಳ ಸಂಖ್ಯೆಯಲ್ಲಿ ಸ್ವಲ್ಪ ಏರುಪೇರು ಕಂಡರೆ ಕ್ಷಮಿಸತಕ್ಕದ್ದು. ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಯಲ್ಲಿ ಬೆಳ್ಳಕ್ಕಿಗಳೂ ನೀರುಕಾಗೆಗಳೂ ಹಾವಕ್ಕಿಗಳೂ ಮರಿಮಾಡುವುದು ತುಂಗೆ ತುಂಬಿ ಹರಿಯುವ ಮಳೆಗಾಲದಲ್ಲಿ. ಮಲೆನಾಡಿನ ಆ ಮಳೆಯಲ್ಲಿ, ಇಂಕಿನ ಪೆನ್ನು ತಂದವರ ಅರ್ಧ ದಿನದ ಲೆಕ್ಕ ಕಾಗದದ ಮೇಲೆ ನೀಲಿ ಕಲೆಯಾಗಿ ಹರಡಿದ ಮೇಲೆ, ಪಕ್ಷಿಗಣತಿಯ ಇತಿಹಾಸದಲ್ಲಿ ಪೆನ್ಸಿಲಿನ ಸ್ಥಾನವೇನೆಂಬುದು ಅರ್ಥವಾಗುತ್ತದೆ.

ಸಂಜೆಯ ಹೊತ್ತಿಗೆ ಕೆಲಸದ ಎರಡನೆಯ ಅಧ್ಯಾಯ ಆರಂಭವಾಗುತ್ತದೆ. ಅದು ಲೆಕ್ಕವನ್ನು ಮೊಬೈಲಿಗೆ ಏರಿಸುವುದು. 2002ರಲ್ಲಿ ಅಮೆರಿಕದಲ್ಲಿ ಆರಂಭವಾಗಿ ಈಗ ಲೋಕದಾದ್ಯಂತ ಬಳಕೆಯಲ್ಲಿರುವ ಇಬರ್ಡ್ ಎಂಬ ದಾಖಲೆಪುಸ್ತಕದಲ್ಲಿ, ಕಂಡ ಪ್ರತಿ ಜಾತಿಯ ಮುಂದೆ ಸಂಖ್ಯೆಯನ್ನೂ, ಮರಿಮಾಡುವ ಲಕ್ಷಣ ಕಂಡಿದ್ದರೆ ಅದರ ಸಂಕೇತವನ್ನೂ ಬರೆಯಲು ಅವಕಾಶವಿದೆ. ಎನ್‌ವೈ ಎಂದರೆ ಮರಿಯಿರುವ ಗೂಡು, ಎನ್‌ಇ ಎಂದರೆ ಮೊಟ್ಟೆಯಿರುವ ಗೂಡು, ಹೀಗೆ. ಎಣಿಸಲು ಆಗದಿದ್ದವರು ಸಂಖ್ಯೆಯ ಬದಲು ಎಕ್ಸ್ ಎಂದು ಹಾಕಬಹುದು. ಹಕ್ಕಿ ಇತ್ತು, ಎಣಿಸಲಿಲ್ಲ ಎಂದು ಅದರ ಅರ್ಥ. ಈ ಎಕ್ಸಿಗೆ ಮಹಾಶಯರು ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ನಪಾಸು ಕಂಡವರಷ್ಟೇ ಹೇಸುತ್ತಾರೆ. ತಮ್ಮ ಬಳಗದಲ್ಲಿ ಯಾರಾದರೂ ಕಾಗೆಯ ಮುಂದೆ ಎಕ್ಸ್ ಹಾಕಿದ್ದು ತಿಳಿದರೆ, ಆ ವ್ಯಕ್ತಿಯ ಹಿಂದಿನ ಎಲ್ಲ ದಾಖಲೆಗಳ ಮೇಲೂ ಅವರಿಗೆ ಸಂಶಯ ಹುಟ್ಟುತ್ತದೆ. ಆದರೆ ಅವರದೇ ಸಂಖ್ಯೆ ವಾಡಿಕೆಗಿಂತ ಹೆಚ್ಚಾಗಿದ್ದರೆ, ಇವರಂತೆಯೇ ಸಂಬಳವಿಲ್ಲದೆ ದುಡಿಯುವ ಪರಿಶೀಲಕರೊಬ್ಬರಿಂದ, ದಯವಿಟ್ಟು ಈ ಎಣಿಕೆಗೆ ವಿವರ ಒದಗಿಸಿ ಎಂಬ ವಿನಯದ ಪತ್ರ ಬರುತ್ತದೆ. ಆದಾಯ ತೆರಿಗೆಯ ನೋಟೀಸು ಬಂದಾಗಲೂ ಊಟ ಬಿಡದ ಮನುಷ್ಯ ಈ ಪತ್ರ ಬಂದ ರಾತ್ರಿ ಮುದ್ದೆ ಮುಟ್ಟುವುದಿಲ್ಲ.

ಮನೆಯವರ ಪಾಡು ಸಣ್ಣದಾಗಿ ಹೇಳಿದರೆ ಸಾಕು. ಮದುವೆಯ ಲಗ್ನ, ಗೃಹಪ್ರವೇಶ, ಶಿವರಾತ್ರಿಯ ಜಾಗರಣೆ ಇವೆಲ್ಲ ಮರಿಮಾಡುವ ಋತುವಿನಲ್ಲಿಯೇ ಬರುವುದರಿಂದ, ಪತ್ನಿ ಒಬ್ಬರೇ ಹೋಗಿ, ‘ಅವರು ಗಣತಿಗೆ ಹೋಗಿದ್ದಾರೆ’ ಎಂದು ಹೇಳಬೇಕಾಗುತ್ತದೆ. ನೆಂಟರು ಇದನ್ನು ಜನಗಣತಿಯೆಂದೋ ಜಾತಿಗಣತಿಯೆಂದೋ ತಿಳಿದು, ಪಾಪ, ರಿಟೈರಾದ ಮೇಲೂ ಡ್ಯೂಟಿ ಹಾಕಿದ್ದಾರಲ್ಲ ಎಂದು ಮರುಗಿ, ದಿನಕ್ಕೆ ಭತ್ಯೆ ಎಷ್ಟೆಂದು ವಿಚಾರಿಸುತ್ತಾರೆ. ಅನುಭವವುಳ್ಳ ಪತ್ನಿಯರು ಈ ತಿಳಿವಳಿಕೆಯನ್ನು ತಿದ್ದಲು ಹೋಗುವುದಿಲ್ಲ.

ಈ ವರ್ಗವು ಕರ್ನಾಟಕಕ್ಕಷ್ಟೇ ಸೀಮಿತವೆಂದು ತಿಳಿಯಬಾರದು. ಅಮೆರಿಕದಲ್ಲಿ ಕ್ರಿಸ್‌ಮಸ್ ದಿನ ಗುಂಪು ಕಟ್ಟಿಕೊಂಡು ಹೋಗಿ, ಯಾವ ಗುಂಪು ಹೆಚ್ಚು ಪ್ರಾಣಿಪಕ್ಷಿಗಳನ್ನು ಹೊಡೆದು ತರುತ್ತದೆಂದು ಸ್ಪರ್ಧಿಸುವ ಸಂಪ್ರದಾಯವಿತ್ತು. ಅದರ ಬದಲು ಹಕ್ಕಿಗಳನ್ನು ಎಣಿಸಿ ಬರೋಣವೆಂದು ಫ್ರಾಂಕ್ ಚಾಪ್ಮನ್ ಎಂಬ ಪಕ್ಷಿತಜ್ಞರು 1900ರಲ್ಲಿ ಸೂಚಿಸಿದಾಗ 27 ಮಂದಿ ಹೊರಟರು. ಬಂದೂಕು ಹೋಗಿ ಪೆನ್ಸಿಲು ಬಂತು. ಪಂದ್ಯ ಮಾತ್ರ ಇಂದಿಗೂ ಉಳಿದಿದೆ. ಅದೇ ದೇಶದಲ್ಲಿ 1966ರಲ್ಲಿ ಚಾಂಡ್ಲರ್ ರಾಬಿನ್ಸ್ ಎಂಬವರು ಮರಿಮಾಡುವ ಹಕ್ಕಿಗಳಿಗೆಂದೇ ಒಂದು ಸಮೀಕ್ಷೆ ಆರಂಭಿಸಿದರು. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ರಸ್ತೆಗಿಳಿದು, ಒಂದೆಡೆ ಮೂರು ನಿಮಿಷ ನಿಂತು, ಕಂಡದ್ದನ್ನೂ ಕೇಳಿದ್ದನ್ನೂ ಬರೆದು, ಅರ್ಧ ಮೈಲಿ ಮುಂದೆ ಹೋಗಿ ಮತ್ತೆ ನಿಂತು, ಹೀಗೆ 50 ಕಡೆ ನಿಲ್ಲುವುದು ಅದರ ಕ್ರಮ. ಮಗನ ಮನೆಗೆಂದು ಆ ದೇಶಕ್ಕೆ ಹೋದ ಕನ್ನಡಿಗ ಮಹಾಶಯರು ಈ ಶಿಸ್ತನ್ನು ಕಂಡು ಬೆರಗಾಗುತ್ತಾರೆ. ಐವತ್ತು ನಿಲುಗಡೆಗಳ ನಡುವೆ ವಡೆಗೆ ಒಂದು ನಿಲುಗಡೆಯೂ ಇಲ್ಲವಲ್ಲ ಎಂದು ಒಳಗೊಳಗೇ ನೊಂದುಕೊಳ್ಳುತ್ತಾರೆ.

ಹೀಗೆ ನಗೆಗೆ ಆಸ್ಪದ ಕೊಡುವ ಈ ಜನರು ಕೂಡಿಹಾಕುವ ಅಂಕಿಗಳಿಂದ ಏನಾದರೂ ಉಪಯೋಗವಿದೆಯೇ ಎಂಬುದು ನ್ಯಾಯವಾದ ಪ್ರಶ್ನೆ. ಉತ್ತರ ಅಮೆರಿಕದಲ್ಲಿ 1970ರಿಂದೀಚೆಗೆ ಸುಮಾರು 300 ಕೋಟಿ ಹಕ್ಕಿಗಳು ಕಡಿಮೆಯಾಗಿವೆಯೆಂದು 2019ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದಾಗ, ಅವರ ಮುಖ್ಯ ಆಧಾರಗಳಲ್ಲಿ ಒಂದು ಆ ಮೂರು ಮೂರು ನಿಮಿಷ ರಸ್ತೆಬದಿಯಲ್ಲಿ ನಿಂತವರ ಕಾಗದಗಳು. ಭಾರತದ ಹಕ್ಕಿಗಳ ಸ್ಥಿತಿಗತಿಯ ಬಗ್ಗೆ 2023ರಲ್ಲಿ ಹೊರಬಂದ ವರದಿ 942 ಜಾತಿಗಳ ಏರಿಳಿತವನ್ನು ಪರಿಶೀಲಿಸಿತು. ಅದಕ್ಕೆ ಆಧಾರವಾದದ್ದು ಸುಮಾರು 30,000 ಹವ್ಯಾಸಿಗಳು ದಾಖಲಿಸಿದ್ದ ಮಾಹಿತಿ. ಇಷ್ಟು ಜನರನ್ನು ಸಂಬಳ ಕೊಟ್ಟು ನೇಮಿಸಲು ಯಾವ ಸರ್ಕಾರಕ್ಕೂ ಆಗುವುದಿಲ್ಲ. ಪ್ರತಿಯೊಬ್ಬ ಮಹಾಶಯನ ಲೆಕ್ಕವೂ ಒಂದಿಷ್ಟು ತಪ್ಪೇ; ಆದರೆ ಅದೇ ಮರ, ಅದೇ ತಿಂಗಳು, ಅದೇ ಕ್ರಮ ಇಟ್ಟುಕೊಂಡು ವರ್ಷವರ್ಷವೂ ಎಣಿಸಿದರೆ, ತಪ್ಪೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಏರಿತೋ ಇಳಿಯಿತೋ ಎಂಬುದು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಒಂದೇ ತಪ್ಪನ್ನು ತಪ್ಪದೆ ಒಂದೇ ರೀತಿಯಲ್ಲಿ ಮಾಡುವುದಕ್ಕೆ ವಿಜ್ಞಾನದಲ್ಲಿ ಕ್ರಮಬದ್ಧತೆಯೆಂಬ ಗೌರವದ ಹೆಸರಿದೆ.

ಮಹಾಶಯರಲ್ಲಿ ನಿಜವಾದ ದೋಷವೊಂದಿದ್ದರೆ ಅದು ವಡೆಯೂ ಅಲ್ಲ, ವೇಷವೂ ಅಲ್ಲ. ಸೊನ್ನೆಯ ಮೇಲಿನ ತಿರಸ್ಕಾರ. ದೊಡ್ಡ ಸಂಖ್ಯೆಯಿರುವ ಮರಕ್ಕೆ ನಾಲ್ವರು ಮುನ್ನುಗ್ಗುತ್ತಾರೆ. ಊರಾಚೆ, ಹೋದ ವರ್ಷ ಹನ್ನೆರಡು ಗೂಡುಗಳಿದ್ದು ಈ ವರ್ಷ ಒಂದೂ ಇಲ್ಲದ ಮರದ ಬಳಿಗೆ ಯಾರೂ ಹೋಗುವುದಿಲ್ಲ. ಹೋದರೂ, ಇಲ್ಲಿ ಏನೂ ಇಲ್ಲ ಎಂದು ತಿರುಗಿ ಬರುತ್ತಾರೆ, ಬರೆಯುವುದಿಲ್ಲ. ಬರೆಯದ ಮರ ಲೆಕ್ಕದಲ್ಲಿ ಖಾಲಿ ಮರವಾಗುವುದಿಲ್ಲ, ನೋಡದ ಮರವಾಗುತ್ತದೆ. ಹತ್ತು ವರ್ಷದ ಮೇಲೆ ಕಾಗದ ತೆರೆದು ನೋಡುವವರಿಗೆ ಅಲ್ಲಿಂದ ಹಕ್ಕಿ ಯಾವಾಗ ಹೋಯಿತೆಂಬುದು ತಿಳಿಯುವುದಿಲ್ಲ. ಕೊಂಬೆ ಕಡಿದರೋ, ಕೆರೆ ಬತ್ತಿತೋ, ಮೀನಿಗೆ ವಿಷ ಸೇರಿತೋ ಎಂದು ಹುಡುಕತೊಡಗಲು ಬೇಕಾದ ಮೊದಲ ಸುಳಿವು ಆ ಸೊನ್ನೆ. ಇಡೀ ಗಣತಿಯಲ್ಲಿ ಅತ್ಯಂತ ಬೆಲೆಬಾಳುವ ಅಂಕಿ ಅದೇ ಎಂದರೂ ತಪ್ಪಾಗದು, ಆದರೆ ಬಳಗದ ವಾಟ್ಸಾಪಿನಲ್ಲಿ ಅದಕ್ಕೆ ಒಬ್ಬರೂ ಚಪ್ಪಾಳೆಯ ಚಿತ್ರ ಹಾಕುವುದಿಲ್ಲ.

ಮುಂದಿನ ಫೆಬ್ರವರಿಯಲ್ಲಿ ಈ ಕೆಲಸಕ್ಕೆ ಹೊರಡಬೇಕೆಂದಿರುವ ಓದುಗರು ಡ್ರೋನನ್ನು ಮನೆಯಲ್ಲಿಯೇ ಬಿಟ್ಟು, ಎರಡು ಪೆನ್ಸಿಲು, ಹಿಕ್ಕೆ ಬಿದ್ದರೆ ಚಿಂತೆಯಿಲ್ಲದ ಒಂದು ಹಳೆಯ ಟೋಪಿ, ಕುಡಿಯುವ ನೀರು ಇಷ್ಟನ್ನು ಹಿಡಿದು ಹೋಗತಕ್ಕದ್ದು. ಮರದಿಂದ ದೂರ ನಿಲ್ಲಬೇಕು. ಮರದ ಒಡೆಯರನ್ನು ಮೊದಲು ಮಾತಾಡಿಸಬೇಕು. ಹೋದ ವರ್ಷ ಎಣಿಸಿದ ಮರಗಳ ಪಟ್ಟಿಯನ್ನು ಕೇಳಿ ಪಡೆದು, ಅದರಲ್ಲಿ ಹಕ್ಕಿಯಿಲ್ಲದ ಮರಗಳ ಬಳಿಗೂ ನಡೆದು ಹೋಗಿ, ಅವುಗಳ ಹೆಸರಿನ ಮುಂದೆ ಸೊನ್ನೆಯನ್ನು ದಪ್ಪವಾಗಿ ಬರೆದು ಬರಬೇಕು. ವಡೆಯನ್ನು ವಾಪಸು ಬರುವಾಗ ತಿನ್ನಬಹುದು.